ಹಿಮನಾಡಿನ ಮಿಷ್ಕಿನ್: ದಾಸ್ತೊಯೆವ್‌ಸ್ಕಿಯ ‘ಈಡಿಯಟ್’ ಮತ್ತು ಕುರೊಸಾವಾನ ಚಲಚ್ಚಿತ್ರ

ದಾಸ್ತೊಯೆವ್‌ಸ್ಕಿಯ ‘ಈಡಿಯಟ್’ ಕಾದಂಬರಿ ರೈಲುಗಾಡಿಯಲ್ಲಿ ಮೊದಲಾಗುತ್ತದೆ. ನವೆಂಬರ್ ತಿಂಗಳ ಕೊನೆ. ಮಂಜು ಮುಸುಕಿದ ಮುಂಜಾನೆ. ವಾರ್ಸಾ ಕಡೆಯಿಂದ ಪೀಟರ್ಸ್‌ಬರ್ಗಿಗೆ ಬರುತ್ತಿರುವ ಗಾಡಿಯ ಮೂರನೆಯ ದರ್ಜೆಯ ಡಬ್ಬಿಯಲ್ಲಿ ಇಬ್ಬರು ತರುಣರು ಎದುರುಬದುರು ಕುಳಿತಿದ್ದಾರೆ. ಒಬ್ಬನು ಸ್ವಿಟ್ಸರ್ಲೆಂಡಿನಲ್ಲಿ ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆದು ಹಿಂದಿರುಗುತ್ತಿರುವ, ಹಳೆಯ ರಾಜವಂಶಕ್ಕೆ ಸೇರಿದ ಮಿಷ್ಕಿನ್; ರಷ್ಯದ ಚಳಿಗೆ ತಕ್ಕ ಉಡುಪು ಕೂಡ ಅವನ ಮೈಮೇಲಿಲ್ಲ. ಇನ್ನೊಬ್ಬನು ಸತ್ತ ತಂದೆಯ ಅಪಾರ ಐಶ್ವರ್ಯಕ್ಕೆ ಒಡೆಯನಾಗಲು ಹೊರಟಿರುವ ವರ್ತಕಪುತ್ರ ರೊಗೋಜಿನ್. ಜಪಾನಿನ ಅಕಿರಾ ಕುರೊಸಾವಾ ೧೯೫೧ರಲ್ಲಿ ತೆಗೆದ ಚಿತ್ರ ಮೊದಲಾಗುವುದಾದರೋ ಹಡಗಿನಲ್ಲಿ. ಉತ್ತರದ ಹೊಕ್ಕೈದೊ ದ್ವೀಪಕ್ಕೆ ಹೋಗುವ ಆ ಹಡಗಿನ ತಳದಲ್ಲಿ ಜನರು ಒತ್ತೊತ್ತಾಗಿ ಮಲಗಿದ್ದಾರೆ. ನಡುರಾತ್ರಿಯಲ್ಲಿ ಇದ್ದಕ್ಕಿದ್ದಂತೆ ಒಂದು ಚೀರು ಕೇಳುತ್ತದೆ. ಚೀರಿದವನು ಕಾಮೆದಾ, ಎದ್ದು ಅವನನ್ನು ವಿಚಾರಿಸಿದವನು ಅಕಾಮಾ. ಯುದ್ಧಾನಂತರ ತನ್ನನ್ನು ಯುದ್ಧಾಪರಾಧಿಯೆಂದು ತಪ್ಪಾಗಿ ಹಿಡಿದರೆಂದೂ, ಗುಂಡಿಕ್ಕಿ ಕೊಲ್ಲುವ ಕ್ಷಣದಲ್ಲಿ ಶಿಕ್ಷೆ ರದ್ದಾಯಿತೆಂದೂ, ಅಂದಿನಿಂದ ತನಗೆ ಈ ಕನಸು ಬೀಳುತ್ತದೆಂದೂ ಕಾಮೆದಾ ಹೇಳುತ್ತಾನೆ.

ಈ ಎರಡು ಆರಂಭಗಳ ನಡುವಿನ ಅಂತರವೇ ನಮ್ಮ ಪ್ರಕೃತ ಲೇಖನದ ವಿಷಯ. ಕುರೊಸಾವಾನ ಈ ಚಿತ್ರದ ಬಗ್ಗೆ ಎರಡು ಬಗೆಯ ಆಕ್ಷೇಪಗಳು ಬಹುಕಾಲದಿಂದ ಕೇಳಿಬಂದಿವೆ. ಮೂಲಕ್ಕೆ ಅತಿಯಾಗಿ ಅಂಟಿಕೊಂಡದ್ದರಿಂದ ಚಿತ್ರ ಕೆಟ್ಟಿತೆಂಬುದು ಒಂದು. ರಷ್ಯದ ಕಥೆಯನ್ನು ಜಪಾನಿಗೆ ತಂದದ್ದರಿಂದ ಅದರ ಜೀವ ಹೋಯಿತೆಂಬುದು ಇನ್ನೊಂದು. ಎರಡೂ ಏಕಕಾಲಕ್ಕೆ ನಿಜವಾಗುವುದು ಕಷ್ಟ. ಅವನು ಯಾವುದನ್ನು ಬದಲಾಯಿಸಿದನು, ಯಾವುದನ್ನು ಹಾಗೆಯೇ ಉಳಿಸಿದನು, ಯಾವುದು ಅವನ ಕೈಮೀರಿ ನಷ್ಟವಾಯಿತು ಎಂಬ ಮೂರನ್ನೂ ಬೇರೆಬೇರೆಯಾಗಿ ಇಟ್ಟು ನೋಡಿದರೆ ಮಾತ್ರ ಈ ಚಿತ್ರಕ್ಕೆ ನ್ಯಾಯ ದೊರಕೀತೆಂದು ನಮ್ಮ ಭಾವನೆ.

ಮೊದಲು ಕಾದಂಬರಿಯ ವಿಚಾರ. ಅದು ೧೮೬೮–೬೯ರಲ್ಲಿ ‘ರುಸ್ಕಿ ವೆಸ್ತ್‌ನಿಕ್’ ಎಂಬ ಪತ್ರಿಕೆಯಲ್ಲಿ ಕಂತುಕಂತಾಗಿ ಹೊರಬಂದಿತು. ಆಗ ಲೇಖಕನು ಸಾಲಗಾರರ ಕಾಟ ತಾಳಲಾರದೆ ದೇಶ ಬಿಟ್ಟು ಜಿನೀವಾ, ವೆವೆ, ಮಿಲಾನ್, ಫ್ಲಾರೆನ್ಸ್ ಎಂದು ಊರಿಂದೂರಿಗೆ ಅಲೆಯುತ್ತಿದ್ದನು. ಬರೆಯುತ್ತಿರುವಾಗಲೇ, ೧೮೬೮ರಲ್ಲಿ, ಅವನ ಮೊದಲ ಹಸುಗೂಸು ಜಿನೀವಾದಲ್ಲಿ ತೀರಿಕೊಂಡಿತು. ಆ ವರ್ಷದ ಜನವರಿಯಲ್ಲಿ ಸೋದರಿಯ ಮಗಳಿಗೆ ಬರೆದ ಪತ್ರದಲ್ಲಿ ಅವನು ತನ್ನ ಉದ್ದೇಶವನ್ನು ತಿಳಿಸಿದ್ದಾನೆ: ಸರ್ವಾಂಗಸುಂದರನಾದ, ನಿಜವಾಗಿ ಒಳ್ಳೆಯವನಾದ ಒಬ್ಬ ಮನುಷ್ಯನನ್ನು ಚಿತ್ರಿಸಬೇಕು, ಇದಕ್ಕಿಂತ ಕಠಿಣವಾದ ಕೆಲಸ ಲೋಕದಲ್ಲಿಲ್ಲ. ಕ್ರಿಸ್ತನನ್ನು ಬಿಟ್ಟರೆ ಅವನಿಗೆ ನೆನಪಾದವರು ಡಾನ್ ಕ್ವಿಕ್ಸೋಟ್, ಪಿಕ್‌ವಿಕ್, ಜೀನ್ ವಾಲ್‌ಜೀನ್. ಮೊದಲಿನ ಇಬ್ಬರೂ ನಗೆಪಾಟಲಾಗುವವರು. ನಗೆಪಾಟಲಾಗುವುದರಿಂದಲೇ ನಮ್ಮ ಪ್ರೀತಿಗೆ ಪಾತ್ರರಾಗುವವರು. ಮಿಷ್ಕಿನ್ನನ ರಹಸ್ಯವೂ ಬಹುಮಟ್ಟಿಗೆ ಇಲ್ಲಿಯೇ ಇದೆ.

ಕಥೆಯ ಎಲುಬು ಸರಳವಾದದ್ದು. ಚಿಕ್ಕಂದಿನಲ್ಲೇ ತೊತ್ಸ್ಕಿ ಎಂಬ ಧನಿಕನ ವಶಕ್ಕೆ ಸಿಕ್ಕಿ ಕೆಟ್ಟ ಹೆಸರು ಹೊತ್ತ ಸುಂದರಿ ನಸ್ತಾಸ್ಯಾ ಫಿಲಿಪೊವ್ನಾ. ಅವಳನ್ನು ಮೋಹದಿಂದ ಬಯಸುವವನು ರೊಗೋಜಿನ್. ಕರುಣೆಯಿಂದ ಮದುವೆಯಾಗಲು ಮುಂದಾಗುವವನು ಮಿಷ್ಕಿನ್. ಜನರಲ್ ಯೆಪಾಂಚಿನ್ನನ ಕಿರಿಯ ಮಗಳು ಅಗ್ಲಾಯಾ ಮಿಷ್ಕಿನ್ನನನ್ನು ಪ್ರೀತಿಸುತ್ತಾಳೆ. ಕೊನೆಗೆ ನಸ್ತಾಸ್ಯಾ ರೊಗೋಜಿನ್ನನ ಚೂರಿಗೆ ಬಲಿಯಾಗುತ್ತಾಳೆ. ರೊಗೋಜಿನ್ ಸೈಬೀರಿಯದ ಪಾಲಾಗುತ್ತಾನೆ. ಮಿಷ್ಕಿನ್ ಮತ್ತೆ ಬುದ್ಧಿಯ ಕತ್ತಲಿಗೆ ಇಳಿಯುತ್ತಾನೆ. ಈ ಎಲುಬಿನ ಸುತ್ತ ಹತ್ತಾರು ಕುಟುಂಬಗಳ, ಹತ್ತಾರು ವಾಗ್ವಾದಗಳ ದಟ್ಟ ಕಾಡು ಬೆಳೆದಿದೆ.

ಚಿತ್ರದ ಜಪಾನೀ ಹೆಸರು ‘ಹಾಕುಚಿ’. ಅದನ್ನು ಎರಡು ಅಕ್ಷರಗಳಿಂದ ಬರೆಯುತ್ತಾರೆ: ಮೊದಲನೆಯದಕ್ಕೆ ಬಿಳುಪು ಎಂದರ್ಥ, ಎರಡನೆಯದಕ್ಕೆ ಮೌಢ್ಯ ಎಂದರ್ಥ. ಕನ್ನಡದಲ್ಲಿ ಇದಕ್ಕೆ ಯಾವ ಮಾತನ್ನು ಇಡುವುದು? ಪೆದ್ದ, ಮಂಕ, ಬೆಪ್ಪ ಎಂದರೆ ಬೈಗುಳವಾಗುತ್ತದೆ. ಮುಗ್ಧ ಎಂದರೆ ಹೊಗಳಿಕೆಯಾಗುತ್ತದೆ. ಕಾದಂಬರಿಯ ಜನರು ಮಿಷ್ಕಿನ್ನನನ್ನು ಬೈಯುವುದಕ್ಕೂ ಮೆಚ್ಚುವುದಕ್ಕೂ ಒಂದೇ ಶಬ್ದವನ್ನು ಬಳಸುವುದರಿಂದ, ಎರಡನ್ನೂ ಒಟ್ಟಿಗೆ ಹೊರಬಲ್ಲ ಪದ ಬೇಕು. ನಮಗೆ ಅದು ಸಿಕ್ಕಿಲ್ಲವಾದ ಕಾರಣ ‘ಈಡಿಯಟ್’ ಎಂದೇ ಉಳಿಸಿಕೊಂಡಿದ್ದೇವೆ. ಜಪಾನೀ ಪದದೊಳಗಿನ ಬಿಳುಪು ಮಾತ್ರ ಮುಂದೆ ತೆರೆಯ ತುಂಬ ಹಿಮವಾಗಿ ಹರಡುತ್ತದೆಂಬುದನ್ನು ವಾಚಕರು ನೆನಪಿನಲ್ಲಿಡಬಹುದು.

ನಮ್ಮ ಸಾಹಿತ್ಯದಲ್ಲಿ ಅನುವಾದ ಬೇರೆ, ರೂಪಾಂತರ ಬೇರೆ ಎಂಬ ವಿವೇಕ ಹಿಂದಿನಿಂದ ಇದೆ. ನಮ್ಮ ಗಡಿನಾಡಿನವರೇ ಆದ ಮಂಜೇಶ್ವರದ ಗೋವಿಂದ ಪೈಗಳು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ಅನುವಾದಿಸಿದರು. ಬಿ. ಎಂ. ಶ್ರೀಕಂಠಯ್ಯನವರು ಸಾಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ರೂಪಾಂತರಿಸಿದರು. ಗ್ರೀಕ್ ವೀರನ ಕೋಪಕ್ಕೂ ಅವಮಾನಕ್ಕೂ ಸಮನಾದ ಕೋಪ, ಅವಮಾನ ನಮ್ಮ ಭಾರತದಲ್ಲಿ ಯಾರದು ಎಂದು ಹುಡುಕಿ, ಅಶ್ವತ್ಥಾಮನನ್ನು ಆರಿಸಿಕೊಂಡದ್ದು ಅಲ್ಲಿಯ ಕೌಶಲ. ಹೆಸರು ಬದಲಾಯಿಸುವುದು ಸುಲಭ. ಆ ಹೆಸರಿನವನಿಗೆ ಆ ನಡತೆ ಸಹಜವಾಗುವಂತಹ ಪೂರ್ವಕಥೆಯೊಂದು ಆ ನಾಡಿನಲ್ಲೇ ದೊರೆಯಬೇಕು. ಕುರೊಸಾವಾನ ಮುಂದಿದ್ದದ್ದೂ ಇದೇ ಸಮಸ್ಯೆ.

ಹೆಸರುಗಳ ವ್ಯವಸ್ಥೆಯನ್ನು ಬೇಗನೆ ಹೇಳಿ ಮುಗಿಸೋಣ. ಮಿಷ್ಕಿನ್ ಇಲ್ಲಿ ಕಾಮೆದಾ, ರೊಗೋಜಿನ್ ಅಕಾಮಾ, ನಸ್ತಾಸ್ಯಾ ತಾಯೆಕೊ ನಾಸು, ಅಗ್ಲಾಯಾ ಆಯಾಕೊ, ತೊತ್ಸ್ಕಿ ತೊಹಾತಾ, ಹಣದಾಸೆಯ ಗಾನ್ಯಾ ಕಾಯಾಮಾ. ಯೆಪಾಂಚಿನ್ನರ ಮನೆ ಓನೊ ಎಂಬವರ ಮನೆಯಾಗಿದೆ. ಪೀಟರ್ಸ್‌ಬರ್ಗ್ ನಗರ ಹೊಕ್ಕೈದೊವಿನ ಸಪ್ಪೊರೊ ಆಗಿದೆ. ಕುರೊಸಾವಾನೊಡನೆ ಚಿತ್ರಕಥೆ ಬರೆದವನು ಐಜಿರೊ ಹಿಸೈತಾ; ಸಂಗೀತ ಫುಮಿಯೊ ಹಯಸಾಕನದು. ಚಿತ್ರ ತಯಾರಾದದ್ದು ಶೊಚಿಕು ಎಂಬ ದೊಡ್ಡ ಸಂಸ್ಥೆಗಾಗಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮಿಷ್ಕಿನ್ ಪೀಟರ್ಸ್‌ಬರ್ಗಿಗೆ ಬಂದ ಮೊದಲ ದಿನವೇ ಮರಣದಂಡನೆಯ ಮಾತೆತ್ತುತ್ತಾನೆ. ಯೆಪಾಂಚಿನ್ನರ ಮನೆಯ ಆಳಿಗೆ ಫ್ರಾನ್ಸಿನಲ್ಲಿ ತಾನು ಕಂಡ ತಲೆಕಡಿಯುವ ಯಂತ್ರದ ವಿಚಾರ ಹೇಳುತ್ತಾನೆ. ಅನಂತರ ಮನೆಯ ಹೆಂಗಸರಿಗೆ ಇನ್ನೊಬ್ಬನ ಕಥೆ ಹೇಳುತ್ತಾನೆ. ಆ ಇನ್ನೊಬ್ಬನು ವಧಸ್ಥಾನದಲ್ಲಿ ನಿಂತು, ತನಗೆ ಉಳಿದಿರುವುದು ಐದು ನಿಮಿಷವೆಂದು ಲೆಕ್ಕ ಹಾಕಿ, ಎರಡು ನಿಮಿಷ ಗೆಳೆಯರ ಬೀಳ್ಕೊಡುಗೆಗೆ, ಎರಡು ನಿಮಿಷ ತನ್ನ ಬಗ್ಗೆ ಯೋಚಿಸಲಿಕ್ಕೆ, ಉಳಿದದ್ದನ್ನು ಕೊನೆಯ ಸಲ ಸುತ್ತಲೂ ನೋಡಲಿಕ್ಕೆ ಎಂದು ಹಂಚಿಕೊಳ್ಳುತ್ತಾನೆ. ಹತ್ತಿರದ ದೇವಾಲಯದ ಚಿನ್ನದ ಶಿಖರ ಬಿಸಿಲಿಗೆ ಹೊಳೆಯುತ್ತಿರುತ್ತದೆ. ಆಮೇಲೆ ಅವನಿಗೆ ಕ್ಷಮಾದಾನವಾಗುತ್ತದೆ.

ಇದು ಕಲ್ಪನೆಯಲ್ಲ. ೧೮೪೯ನೆಯ ಡಿಸೆಂಬರ್ ೨೨ರಂದು, ರಷ್ಯದ ಹಳೆಯ ಪಂಚಾಂಗದ ಪ್ರಕಾರ, ಪೀಟರ್ಸ್‌ಬರ್ಗಿನ ಸೆಮ್ಯೊನೊವ್‌ಸ್ಕಿ ಮೈದಾನದಲ್ಲಿ ದಾಸ್ತೊಯೆವ್‌ಸ್ಕಿಯೇ ಹೀಗೆ ನಿಂತಿದ್ದನು. ಪೆತ್ರಶೆವ್‌ಸ್ಕಿಯ ಗೋಷ್ಠಿಗೆ ಸೇರಿದನೆಂಬುದು ಅವನ ಅಪರಾಧ. ಮೊದಲ ಮೂವರನ್ನು ಕಂಬಗಳಿಗೆ ಕಟ್ಟಿದ್ದರು. ಅವನು ಮುಂದಿನ ಸರದಿಯಲ್ಲಿದ್ದನು. ಆಗ ಚಕ್ರವರ್ತಿಯ ಆಜ್ಞೆ ಬಂದಿತು. ಸಾವಿಗೆ ಬದಲು ಸೈಬೀರಿಯದ ಓಮ್ಸ್ಕಿನಲ್ಲಿ ನಾಲ್ಕು ವರ್ಷದ ಕಠಿಣ ಸಜೆ, ಅದರ ಮೇಲೆ ಸಿಪಾಯಿಯ ಚಾಕರಿ. ಕ್ಷಮಾದಾನ ಮೊದಲೇ ನಿರ್ಧಾರವಾಗಿದ್ದು, ಮೈದಾನದಲ್ಲಿ ನಡೆದದ್ದೆಲ್ಲ ಹೆದರಿಸುವ ನಾಟಕವಾಗಿತ್ತು.

ದಾಸ್ತೊಯೆವ್‌ಸ್ಕಿ ತನ್ನ ಈ ಅನುಭವವನ್ನು ಮಿಷ್ಕಿನ್ನನಿಗೆ ಕೊಡಲಿಲ್ಲ. ಮಿಷ್ಕಿನ್ ಕೇಳಿದ ಕಥೆಯಾಗಿ ಕೊಟ್ಟನು. ಕುರೊಸಾವಾ ಅದನ್ನು ತಿರುಗಿಸಿ ನಾಯಕನಿಗೇ ಕೊಟ್ಟುಬಿಟ್ಟನು. ಒಂದರ್ಥದಲ್ಲಿ ಕಾದಂಬರಿಯನ್ನು ದಾಟಿ, ಅದರ ಹಿಂದೆ ನಿಂತ ಕರ್ತೃವಿನ ಜೀವನಕ್ಕೇ ಕೈಹಾಕಿದನು. ಓಕಿನಾವಾದಲ್ಲಿ ಗುಂಡಿನ ಎದುರು ನಿಂತು ಬದುಕಿಬಂದ ಕಾಮೆದಾನಿಗೆ ಆ ಆಘಾತದಿಂದಲೇ ರೋಗ ಬಂದಿದೆ. ಆ ಆಘಾತದಿಂದಲೇ ಲೋಕದ ಸರ್ವರ ಮೇಲೆ ಕರುಣೆಯೂ ಬಂದಿದೆ. ಚಿತ್ರ ಬಿಡುಗಡೆಯಾದದ್ದು ೧೯೫೧ರ ಮೇ ತಿಂಗಳಲ್ಲಿ. ಜಪಾನ್ ಆಗ ಇನ್ನೂ ವಿಜಯೀ ಸೈನ್ಯದ ಅಧೀನದಲ್ಲಿತ್ತು. ಯುದ್ಧಾಪರಾಧದ ವಿಚಾರಣೆಗಳೂ ಮರಣದಂಡನೆಗಳೂ ಜನರ ನೆನಪಿನಲ್ಲಿ ಹಸಿಯಾಗಿದ್ದವು. ಯುದ್ಧದಿಂದ ಮರಳಿ ಬಾರದ ಮಕ್ಕಳಿಗಾಗಿ ಕಾದಿದ್ದ ಮನೆಗಳು ಊರೂರಿನಲ್ಲಿದ್ದವು. ಅಂತಹ ಪ್ರೇಕ್ಷಕರಿಗೆ ಸ್ವಿಟ್ಸರ್ಲೆಂಡಿನ ಆಸ್ಪತ್ರೆಯಿಂದ ಬಂದ ರಾಜವಂಶೀಯನು ಏನು ಹೇಳಬಲ್ಲ? ಓಕಿನಾವಾದಿಂದ ಬಂದ ಸಿಪಾಯಿ ಹೇಳಬಲ್ಲನು.

ಈ ಬದಲಾವಣೆ ಕಥೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಒಂದು ನಿದರ್ಶನ. ಕಾದಂಬರಿಯಲ್ಲಿ ಮಿಷ್ಕಿನ್ ನಸ್ತಾಸ್ಯಾಳ ಭಾವಚಿತ್ರ ನೋಡಿ, ಈ ಮುಖ ಬಹಳ ನೊಂದಿದೆ ಎಂದು ತಿಳಿಯುತ್ತಾನೆ. ಅವಳ ಕಣ್ಣುಗಳನ್ನು ಎಲ್ಲೋ ಕಂಡಿದ್ದೇನೆ ಎಂದೂ ಅವನಿಗೆ ಅನ್ನಿಸುತ್ತದೆ. ಎಲ್ಲಿ ಎಂಬುದಕ್ಕೆ ಉತ್ತರವಿಲ್ಲ. ಕುರೊಸಾವಾ ಉತ್ತರ ಕೊಟ್ಟಿದ್ದಾನೆ. ತನ್ನ ಕಣ್ಣೆದುರಿಗೇ ಗುಂಡಿಗೆ ಬಲಿಯಾದ ಒಬ್ಬ ಎಳೆಯ ಸಿಪಾಯಿಯ ಕಣ್ಣುಗಳನ್ನು ಕಾಮೆದಾ ತಾಯೆಕೊವಿನ ಮುಖದಲ್ಲಿ ಕಾಣುತ್ತಾನೆ. ಇಷ್ಟು ನೋವು ನನಗೇಕೆ ಎಂದು ಕೇಳುವ ಕಣ್ಣುಗಳು ಅವು. ಅವಳನ್ನು ಕೈಬಿಡಲಾರದ ಅವನ ಹಟಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕೆ?

ಆದರೆ ಬೆಲೆ ತೆರದೆ ಯಾವ ಲಾಭವೂ ಬರುವುದಿಲ್ಲ. ಮೂಲದ ಮಿಷ್ಕಿನ್ನನ ಒಳ್ಳೆಯತನಕ್ಕೆ ಕಾರಣವೇ ಇಲ್ಲ. ಅವನು ಹಾಗೆ ಇದ್ದಾನೆ, ಅಷ್ಟೆ. ಅವನನ್ನು ಕಂಡವರು ಗೊಂದಲಕ್ಕೆ ಬೀಳುವುದು ಅದಕ್ಕಾಗಿಯೇ. ಕಾಮೆದಾನ ಒಳ್ಳೆಯತನಕ್ಕೆ ಕಾರಣ ಸಿಕ್ಕಿದೆ; ಕಾರಣ ಸಿಕ್ಕಿದೊಡನೆ ಆಶ್ಚರ್ಯ ಸ್ವಲ್ಪ ಕಡಿಮೆಯಾಗುತ್ತದೆ. ಮಿಷ್ಕಿನ್ ವಟವಟ ಮಾತಾಡುವವನು, ಒಂದು ಗೋಷ್ಠಿಯಲ್ಲಿ ಆವೇಶದಿಂದ ಭಾಷಣ ಮಾಡುತ್ತ ಬೆಲೆಬಾಳುವ ಚೀನೀ ಹೂದಾನಿಯನ್ನು ಉರುಳಿಸಿ ಒಡೆಯುವವನು. ಕಾಮೆದಾನ ಪಾತ್ರ ವಹಿಸಿದ ಮಾಸಾಯುಕಿ ಮೊರಿ ಕೈಗಳನ್ನು ಕೊರಳಿನ ಬಳಿ ಹಿಡಿದು, ಕಣ್ಣುಗಳನ್ನು ಅರಳಿಸಿ, ಮೆಲ್ಲನೆ ಮಾತಾಡುವ ಒಂದು ನೋವಿನ ಮೂರ್ತಿ. ನೋಡುವವರು ಮರುಗುತ್ತಾರೆ, ಆದರೆ ನಗುವುದಿಲ್ಲ. ಡಾನ್ ಕ್ವಿಕ್ಸೋಟನ ವಂಶ ಇಲ್ಲಿ ತುಂಡಾಗಿದೆ. ನಮ್ಮ ಅಭಿಪ್ರಾಯದಲ್ಲಿ ಚಿತ್ರದ ನಿಜವಾದ ಕೊರತೆ ಇದು. ಹೆಸರು, ಊರು ಬದಲಾದದ್ದಲ್ಲ.

ಎರಡನೆಯ ದೊಡ್ಡ ಮಾರ್ಪಾಡು ಋತುವಿನದು. ಇದನ್ನು ಹೆಚ್ಚಿನವರು ಗಮನಿಸಿದಂತಿಲ್ಲ. ರಷ್ಯದ ಕಥೆ ಎಂದೊಡನೆ ನಮ್ಮ ಮನಸ್ಸಿಗೆ ಹಿಮ ಬರುವುದರಿಂದ, ಕುರೊಸಾವಾ ಹಿಮದ ನಾಡನ್ನು ಆರಿಸಿದ್ದು ಮೂಲನಿಷ್ಠೆಯೆಂದೇ ತೋರುತ್ತದೆ. ವಾಸ್ತವವಾಗಿ ಚಳಿಗಾಲ ಕಾದಂಬರಿಯ ಮೊದಲ ಭಾಗಕ್ಕೆ ಮಾತ್ರ ಮೀಸಲು. ಉಳಿದ ಮೂರು ಭಾಗಗಳು ಬಹುಮಟ್ಟಿಗೆ ಬೇಸಗೆಯಲ್ಲಿ, ಪೀಟರ್ಸ್‌ಬರ್ಗಿನ ಹತ್ತಿರದ ಪಾವ್ಲೊವ್ಸ್ಕ್ ಎಂಬ ವಿಹಾರಸ್ಥಾನದಲ್ಲಿ ನಡೆಯುತ್ತವೆ. ಹಸುರು ತೋಟಗಳು, ಸಂಜೆಯ ವಾದ್ಯಗೋಷ್ಠಿ, ಮುಗಿಯದ ಮಾತು, ಕತ್ತಲೇ ಕವಿಯದ ಉತ್ತರದೇಶದ ಬಿಳಿ ರಾತ್ರಿಗಳು! ಕುರೊಸಾವಾ ಈ ಬೇಸಗೆಯನ್ನು ಸಂಪೂರ್ಣವಾಗಿ ತೆಗೆದುಹಾಕಿದನು. ಚಿತ್ರದ ಮೊದಲಿನಿಂದ ಕೊನೆಯವರೆಗೆ ಹಿಮವೇ. ಬೀದಿಯಲ್ಲಿ ಆಳೆತ್ತರದ ಹಿಮದ ಗೋಡೆ; ಮಾಡಿನ ಅಂಚಿನಲ್ಲಿ ತೂಗುವ ಮಂಜಿನ ಕೋಲುಗಳು; ಮನೆಯೊಳಗೆ ಕೆಂಪಗೆ ಉರಿಯುವ ಒಲೆ. ಪಾವ್ಲೊವ್ಸ್ಕಿನ ವಾದ್ಯಗೋಷ್ಠಿಯ ಸ್ಥಾನದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ರಾತ್ರಿಯ ಉತ್ಸವವೊಂದನ್ನು ಇಟ್ಟಿದ್ದಾನೆ. ಜನರು ವಿಕಾರವಾದ ಮುಖವಾಡ ತೊಟ್ಟು ದೀವಟಿಗೆ ಹಿಡಿದು ಹಿಮದ ಮೇಲೆ ಜಾರುತ್ತಾರೆ. ಹಿನ್ನೆಲೆಯಲ್ಲಿ ರಷ್ಯದ ಮುಸೋರ್ಗ್‌ಸ್ಕಿಯ ಪ್ರಸಿದ್ಧವಾದ ಭಯಾನಕ ವಾದ್ಯಕೃತಿ ಕೇಳಿಸುತ್ತದೆ. ಕಾದಂಬರಿಯಲ್ಲಿ ಹೀಗೊಂದು ದೃಶ್ಯವಿಲ್ಲ. ಆದರೂ ಓದಿದವರಿಗೆ ಇದು ಕಾದಂಬರಿಯದೇ ಎನ್ನಿಸುತ್ತದೆ.

ಏತಕ್ಕೆ ಹಾಗೆ? ಕಾದಂಬರಿಕಾರನಿಗೆ ಮಾತಿನ ಬಲವಿದೆ. ನೂರು ಪುಟ ಮಾತಾಡಿಸಿ ಪಾತ್ರದ ಒಳಗನ್ನು ಬಿಚ್ಚಬಲ್ಲನು. ಚಿತ್ರಕಾರನಿಗೆ ಆ ಅವಕಾಶವಿಲ್ಲ. ಹೊರಗಿನ ಶೀತಕ್ಕೂ ಒಳಗಿನ ಉರಿಗೂ ಇರುವ ವಿರೋಧವನ್ನು ತೋರಿಸಿಬಿಟ್ಟರೆ ಅರ್ಧ ಮಾತು ಹೇಳಿದಂತೆಯೇ. ಇಬ್ಬರು ಹೆಂಗಸರು ಕಾಮೆದಾನಿಗಾಗಿ ಎದುರುಬದುರು ನಿಲ್ಲುವ ದೃಶ್ಯದಲ್ಲಿ ಒಲೆಯ ಬೆಂಕಿಯ ಸದ್ದನ್ನು ಕೇಳಿದವರು ನಮ್ಮ ಮಾತನ್ನು ಒಪ್ಪಿಯಾರು. ಇಲ್ಲಿ ಕುರೊಸಾವಾ ಮೂಲದ ಮಾತುಗಳನ್ನು ಹೆಚ್ಚು ಕದಲಿಸಿಲ್ಲ; ಸುತ್ತಣ ಹವೆಯನ್ನು ಬದಲಿಸಿದ್ದಾನೆ.

ಧರ್ಮದ ವಿಷಯ ಇನ್ನೂ ನಾಜೂಕಾದದ್ದು. ಮೂಲದಲ್ಲಿ ರೊಗೋಜಿನ್ ಮಿಷ್ಕಿನ್ನನೊಡನೆ ಕೊರಳ ಶಿಲುಬೆಯನ್ನು ಅದಲುಬದಲು ಮಾಡಿಕೊಳ್ಳುತ್ತಾನೆ. ಇಬ್ಬರೂ ಧರ್ಮದ ಅಣ್ಣತಮ್ಮಂದಿರಾಗುತ್ತಾರೆ. ರೊಗೋಜಿನ್ನನ ಮುದಿತಾಯಿ ಮಿಷ್ಕಿನ್ನನನ್ನು ಹರಸುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಅದೇ ಅಣ್ಣನು ಚೂರಿ ಎತ್ತುತ್ತಾನೆ. ಮಿಷ್ಕಿನ್ನನನ್ನು ಆ ಕ್ಷಣದಲ್ಲಿ ಉಳಿಸುವುದು ಅವನ ಮೂರ್ಛೆ. ಜಪಾನಿನಲ್ಲಿ ಶಿಲುಬೆಯ ಬದಲು ರಕ್ಷೆಗಳು, ಎಂದರೆ ನಮ್ಮ ತಾಯಿತದಂತಹವು, ಕೈಬದಲಾಗುತ್ತವೆ. ಅಕಾಮಾನ ಮುದಿತಾಯಿ ಬುದ್ಧನ ಪೀಠದ ಮುಂದಿರುತ್ತಾಳೆ. ಇಷ್ಟರಮಟ್ಟಿಗೆ ರೂಪಾಂತರ ಸೊಗಸಾಗಿದೆ. ಆದರೆ ರೊಗೋಜಿನ್ನನ ಮನೆಯ ಗೋಡೆಯ ಮೇಲೆ ಹೊಲ್ಬೈನ್ ಬರೆದ ಮೃತ ಕ್ರಿಸ್ತನ ಚಿತ್ರದ ಪ್ರತಿಯೊಂದು ತೂಗುತ್ತಿರುತ್ತದೆ. ದಾಸ್ತೊಯೆವ್‌ಸ್ಕಿ ಅದರ ಮೂಲವನ್ನು ೧೮೬೭ರಲ್ಲಿ ಬಾಸೆಲಿನಲ್ಲಿ ನೋಡಿ ತತ್ತರಿಸಿದ್ದನು. ದೇವರ ಮಗನ ಶವವೂ ಕೊಳೆಯುವ ಶವವೇ ಆದರೆ ನಂಬಿಕೆಯ ಗತಿಯೇನು ಎಂಬ ಪ್ರಶ್ನೆ ಕಾದಂಬರಿಯ ನಡುವಿಟ್ಟ ಕೆಂಡ. ಆ ಪ್ರಶ್ನೆಯನ್ನು ಎತ್ತಿ ಹಿಡಿಯುವ ಇಪ್ಪೊಲಿತ್ ಎಂಬ ಕ್ಷಯರೋಗಿ ಹುಡುಗನೂ ಚಿತ್ರದಲ್ಲಿಲ್ಲ, ಆ ಪಟವೂ ಇಲ್ಲ. ಶಿಲುಬೆಗೆ ತಾಯಿತ ಸಮನಾಯಿತು. ಈ ಪಟಕ್ಕೆ ಸಮನಾದದ್ದು ಬುದ್ಧನ ನಾಡಿನಲ್ಲಿ ಸಿಗಲಾರದು. ಮಹಾಪರಿನಿರ್ವಾಣದ ಬುದ್ಧನ ಶವ ಯಾರ ಶ್ರದ್ಧೆಯನ್ನೂ ಕೆಡಿಸುವುದಿಲ್ಲವಷ್ಟೆ. ರೂಪಾಂತರಕ್ಕೆ ಎಲ್ಲೆ ಎಲ್ಲಿದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ನಟವರ್ಗದ ಬಗ್ಗೆ ಎರಡು ಮಾತು. ಅಕಾಮಾನಾಗಿ ತೊಷಿರೊ ಮಿಫುನೆ, ಕಾಮೆದಾನಾಗಿ ಮೊರಿ. ‘ರಾಷೊಮೊನ್’ ನೋಡಿದವರಿಗೆ ಇವರಿಬ್ಬರೂ ಅಲ್ಲಿಯ ದರೋಡೆಕಾರನಾಗಿಯೂ ಕೊಲೆಯಾದ ಗಂಡನಾಗಿಯೂ ಪರಿಚಿತರು. ತಾಯೆಕೊವಿನ ಪಾತ್ರಕ್ಕೆ ಸೆತ್ಸುಕೊ ಹಾರಾಳನ್ನು ಆರಿಸಿದ್ದು ಸಾಹಸವೇ ಸರಿ. ಒಜುವಿನ ೧೯೪೯ರ ಚಿತ್ರದಲ್ಲಿ ತಂದೆಯನ್ನು ಬಿಟ್ಟು ಮದುವೆಯಾಗಲೊಲ್ಲದ ಸೌಮ್ಯ ಮಗಳಾಗಿ ಜನಪ್ರಿಯಳಾಗಿದ್ದ ಈ ನಟಿ ಇಲ್ಲಿ ಕಪ್ಪು ಮೇಲುಹೊದಿಕೆ ಹೊದ್ದು, ನಕ್ಕರೆ ಭಯ ಹುಟ್ಟಿಸುವ ಹೆಂಗಸಾಗಿದ್ದಾಳೆ. ಸಪ್ಪೊರೊವಿಗೆ ಬಂದಿಳಿದ ಕಾಮೆದಾ, ಅಕಾಮಾ ಇಬ್ಬರೂ ಛಾಯಾಚಿತ್ರದ ಅಂಗಡಿಯ ಗಾಜಿನ ಹಿಂದೆ ಅವಳ ಭಾವಚಿತ್ರವನ್ನು ನೋಡುತ್ತಾರೆ. ಅವಳ ಮುಖದ ಇಕ್ಕೆಲದಲ್ಲಿ ಗಾಜಿನ ಮೇಲೆ ಇವರಿಬ್ಬರ ಮುಖಗಳು ಮೂಡುತ್ತವೆ. ಮುಂದಿನ ಕಥೆಯೆಲ್ಲ ಆ ಒಂದು ಚೌಕಟ್ಟಿನಲ್ಲಿದೆ. ಮೂಲದ ನಾಲ್ಕಾರು ಅಧ್ಯಾಯಗಳ ಕೆಲಸವನ್ನು ಒಂದು ಗಾಜಿನ ತುಂಡು ಮಾಡಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಹುಟ್ಟುಹಬ್ಬದ ರಾತ್ರಿಯ ಪ್ರಸಂಗ ಎರಡರಲ್ಲಿಯೂ ಮೇರುದೃಶ್ಯ. ನಸ್ತಾಸ್ಯಾಳನ್ನು ಮದುವೆಯಾಗಿ ತನ್ನ ಭಾರ ಇಳಿಸಲು ತೊತ್ಸ್ಕಿ ಗಾನ್ಯಾನಿಗೆ ಕೊಡಲೊಪ್ಪಿದ್ದು ೭೫,೦೦೦ ರೂಬಲ್. ರೊಗೋಜಿನ್ ಹರಾಜಿನಂತೆ ಕೂಗಿ ತಂದದ್ದು ಒಂದು ಲಕ್ಷ. ಆ ಲಕ್ಷವನ್ನು ಅವಳು ಬೆಂಕಿಗೆಸೆದು, ಬರಿಗೈಯಲ್ಲಿ ತೆಗೆದುಕೊಂಡರೆ ನಿನ್ನದೇ ಎಂದು ಗಾನ್ಯಾನನ್ನು ಕೆಣಕುತ್ತಾಳೆ. ಅವನು ಕದಲುವುದಿಲ್ಲ, ಕೊನೆಗೆ ಮೂರ್ಛೆ ಹೋಗುತ್ತಾನೆ. ಚಿತ್ರದಲ್ಲಿ ರೂಬಲ್ಲುಗಳು ಹತ್ತು ಲಕ್ಷ ಯೆನ್ ಆಗಿವೆ. ಬಡತನದಿಂದ ಕಂಗೆಟ್ಟಿದ್ದ ಅಂದಿನ ಜಪಾನಿನಲ್ಲಿ ನೋಟಿನ ಕಟ್ಟು ಉರಿಯುವುದನ್ನು ಜನರು ಹೇಗೆ ನೋಡಿರಬೇಡ!

ಈಗ ಕೈಮೀರಿದ ನಷ್ಟದ ಸಂಗತಿ. ಕುರೊಸಾವಾ ಸಿದ್ಧಪಡಿಸಿದ ಚಿತ್ರ ೨೬೫ ನಿಮಿಷದ್ದು, ಎಂದರೆ ಸುಮಾರು ನಾಲ್ಕೂವರೆ ಗಂಟೆ. ‘ಪ್ರೇಮ ಮತ್ತು ಯಾತನೆ’, ‘ಪ್ರೇಮ ಮತ್ತು ದ್ವೇಷ’ ಎಂಬ ಎರಡು ಭಾಗಗಳು. ಸಂಸ್ಥೆಯವರು ಅದನ್ನು ಕತ್ತರಿಸಿ ೧೬೬ ನಿಮಿಷಕ್ಕೆ ಇಳಿಸಿದರು. ಕತ್ತರಿಸಲೇಬೇಕೆಂದಿದ್ದರೆ ಫಿಲ್ಮನ್ನು ಉದ್ದಕ್ಕೆ ಸೀಳಿಬಿಡಿ ಎಂದು ಅವನು ಕೋಪದಿಂದ ನುಡಿದನೆಂದು ಪ್ರಸಿದ್ಧವಾಗಿದೆ. ತೆಗೆದುಹಾಕಿದ ೯೯ ನಿಮಿಷ ಇಂದಿನವರೆಗೂ ಸಿಕ್ಕಿಲ್ಲ. ಈಗ ನಾವು ನೋಡುವ ಪ್ರತಿಯಲ್ಲಿ ಗಾಯದ ಗುರುತುಗಳು ಎದ್ದು ಕಾಣುತ್ತವೆ. ಮೊದಲರ್ಧದಲ್ಲಿ ಯಾರು ಯಾರ ಮಗಳು, ಯಾರು ಯಾರಿಂದ ಹಣ ಪಡೆದರು ಎಂಬುದನ್ನೆಲ್ಲ ತೆರೆಯ ಮೇಲೆ ಬರಹಗಳಿಂದಲೂ ಹಿನ್ನೆಲೆಯ ಮಾತಿನಿಂದಲೂ ತಿಳಿಸಿ ಓಡಿಸಲಾಗಿದೆ. ಒಬ್ಬನು ಬಾಗಿಲು ತೆರೆದು ಬರುತ್ತಾನೆ. ಅವನಾರೆಂದು ತಿಳಿಯುವಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ. ದ್ವಿತೀಯಾರ್ಧದಲ್ಲಿ ಚಿತ್ರ ತನ್ನ ನಿಜವಾದ ನಡಿಗೆಯನ್ನು ಹಿಡಿಯುತ್ತದೆ. ದೊಡ್ಡ ಕಾದಂಬರಿಗಳನ್ನು ಉಪಪಠ್ಯಕ್ಕೆಂದು ಸಂಗ್ರಹಿಸಿದ ಪುಸ್ತಕಗಳನ್ನು ಕಲಿಸಿ ಬೇಸತ್ತ ಉಪಾಧ್ಯಾಯಬಂಧುಗಳಿಗೆ ಈ ರೋಗದ ಲಕ್ಷಣ ವಿವರಿಸಬೇಕಾಗಿಲ್ಲ. ಘಟನೆಗಳು ಉಳಿಯುತ್ತವೆ, ಘಟನೆಗಳ ನಡುವಿನ ಕಾಲ ಹೋಗುತ್ತದೆ. ಪಾತ್ರಗಳು ಬೆಳೆಯುವುದು ಆ ನಡುವಿನ ಕಾಲದಲ್ಲಿಯೇ ಅಲ್ಲವೆ?

ಚಿತ್ರ ಜಪಾನಿನಲ್ಲಿ ಸೋತಿತು. ಕುರೊಸಾವಾ ತನ್ನ ಆತ್ಮಕಥೆಯಲ್ಲಿ ಹೇಳಿರುವಂತೆ, ದೈಯೇ ಎಂಬ ಇನ್ನೊಂದು ಸಂಸ್ಥೆ ತಾನು ಒಪ್ಪಿಸಿದ್ದ ಮುಂದಿನ ಕೆಲಸವನ್ನು ಹಿಂತೆಗೆದುಕೊಂಡಿತು. ಅದೇ ದಿನಗಳಲ್ಲಿ, ೧೯೫೧ರ ಸೆಪ್ಟೆಂಬರಿನಲ್ಲಿ, ‘ರಾಷೊಮೊನ್’ ಚಿತ್ರಕ್ಕೆ ವೆನಿಸ್ಸಿನ ಮಹೋತ್ಸವದಲ್ಲಿ ಸುವರ್ಣಸಿಂಹ ಬಹುಮಾನ ಬಂದು, ಅವನ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ರಷ್ಯದ ಸಾಹಿತ್ಯವನ್ನು ಅವನು ಆಮೇಲೆಯೂ ಬಿಡಲಿಲ್ಲ. ೧೯೫೭ರಲ್ಲಿ ಗೋರ್ಕಿಯ ‘ಪಾತಾಳ’ ನಾಟಕವನ್ನು ಜಪಾನಿನ ಹಳೆಯ ಬೀದಿಗೆ ತಂದನು; ೧೯೭೫ರಲ್ಲಿ ಸೈಬೀರಿಯಕ್ಕೇ ಹೋಗಿ ‘ದೆರ್ಸು ಉಜಾಲಾ’ ತೆಗೆದನು.

ಹೋಲಿಕೆಗೆ ರಷ್ಯದವರದೇ ಚಿತ್ರವಿದೆ. ಇವಾನ್ ಪೈರ್ಯೆವ್ ೧೯೫೮ರಲ್ಲಿ ವರ್ಣಚಿತ್ರವಾಗಿ ತೆಗೆದ ‘ಈಡಿಯಟ್’ನಲ್ಲಿ ಯೂರಿ ಯಾಕೊವ್ಲೆವ್ ಮಿಷ್ಕಿನ್, ಯೂಲಿಯಾ ಬೊರಿಸೊವಾ ನಸ್ತಾಸ್ಯಾ. ಭಾಷೆ ಮೂಲದ್ದೇ, ಉಡುಪು ಮೂಲದ್ದೇ, ಕೋಣೆಯ ಸಾಮಾನುಗಳೂ ಕಾಲಕ್ಕೆ ತಕ್ಕವು. ಆದರೆ ಅದು ಕಾದಂಬರಿಯ ಮೊದಲ ಭಾಗವನ್ನಷ್ಟೇ ಹೇಳಿ, ಹಣ ಉರಿಯುವ ರಾತ್ರಿಗೆ ನಿಂತುಬಿಡುತ್ತದೆ; ಮುಂದಿನ ಭಾಗ ಬರಲೇ ಇಲ್ಲ. ನಟನೆಯ ಸೊಗಸಿಗಾಗಿ ಇದನ್ನು ನೋಡಬೇಕು. ಆದರೂ ಅಕ್ಷರನಿಷ್ಠವಾದ ಚಿತ್ರ ಅರ್ಧದಲ್ಲಿ ನಿಂತು, ಎಲ್ಲವನ್ನೂ ಬದಲಾಯಿಸಿದವನು ಕೊಲೆಯ ಕೋಣೆಯವರೆಗೆ ಹೋದನೆಂಬುದು ಯೋಚಿಸತಕ್ಕ ಸಂಗತಿ. ನಮ್ಮ ದೇಶದಲ್ಲಿ ಮಣಿ ಕೌಲ್ ಅವರು ೧೯೯೦ರ ದಶಕದ ಆರಂಭದಲ್ಲಿ ದೂರದರ್ಶನಕ್ಕಾಗಿ ಈ ಕಾದಂಬರಿಯನ್ನು ಹಿಂದಿಯಲ್ಲಿ ‘ಅಹಮಕ್’ ಎಂಬ ಹೆ೸ರಿನಿಂದ ತೆಗೆದರು. ಅದರಲ್ಲಿ ರೊಗೋಜಿನ್ನನ ಸ್ಥಾನದಲ್ಲಿ ಶಾರುಖ್ ಖಾನ್ ಇದ್ದಾರೆ.

ಆ ಕೊಲೆಯ ಕೋಣೆಯ ವಿಚಾರ ಹೇಳದೆ ಲೇಖನ ಮುಗಿಸಲಾಗದು. ಕಾದಂಬರಿಯಲ್ಲಿ ಅದು ಬೇಸಗೆಯ ಬಿಳಿ ರಾತ್ರಿ. ಪರದೆಯ ಹಿಂದೆ ಶವ. ವಾಸನೆ ಬಾರದಿರಲೆಂದು ರೊಗೋಜಿನ್ ಮೇಣಬಟ್ಟೆ ಹೊದಿಸಿ ಔಷಧದ ಸೀಸೆಗಳ ಬಿರಡೆ ತೆಗೆದಿಟ್ಟಿದ್ದಾನೆ. ನಿಶ್ಶಬ್ದದಲ್ಲಿ ಒಂದು ನೊಣ ಗುಂಯ್‌ಗುಟ್ಟಿ ಹಾಸಿಗೆಯ ತಲೆದೆಸೆಯಲ್ಲಿ ಕೂರುತ್ತದೆ. ಚಿತ್ರದಲ್ಲಿ ನೊಣವಿಲ್ಲ, ಬೇಸಗೆಯಿಲ್ಲ. ಶವ ಕೆಡಬಾರದೆಂದು ಅಕಾಮಾ ಒಲೆ ಹಚ್ಚಿಲ್ಲ. ಕೊರೆಯುವ ಚಳಿಯಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಇಬ್ಬರೂ ಹೊದಿಕೆ ಹೊದ್ದು ಮಕ್ಕಳಂತೆ ಒತ್ತಿ ಕುಳಿತಿದ್ದಾರೆ. ಹಿಮವನ್ನು ಮೊದಲಿನಿಂದ ಏತಕ್ಕೆ ಕೂಡಿಟ್ಟುಕೊಂಡು ಬಂದನೆಂಬುದು ಇಲ್ಲಿ ಗೊತ್ತಾಗುತ್ತದೆ. ಅಲ್ಲಿ ಸಾವು ಕೊಳೆಯಲಿದೆಯೆಂಬ ಭಯ. ಇಲ್ಲಿ ಎಲ್ಲವೂ ಹೆಪ್ಪುಗಟ್ಟುತ್ತದೆಂಬ ಭಯ. ಮಾತುಗಳು ಮಾತ್ರ ಹೆಚ್ಚು ಕಡಿಮೆ ಮೂಲದವೇ.

ಮೂಲದಲ್ಲಿ ಇದಾದ ಮೇಲೆ ಅಗ್ಲಾಯಾಳ ಗತಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ: ಪೋಲೆಂಡಿನ ಕೌಂಟನೆಂದು ಹೇಳಿಕೊಂಡ ಮೋಸಗಾರನೊಬ್ಬನನ್ನು ಮದುವೆಯಾಗಿ, ತವರಿನವರಿಂದ ದೂರವಾಗಿ, ಮತವನ್ನೂ ಬಿಟ್ಟಳಂತೆ. ಲೇಖಕನು ಅವಳಿಗೆ ಬಾಯಿ ತೆರೆಯಲು ಅವಕಾಶ ಕೊಟ್ಟಿಲ್ಲ. ಕುರೊಸಾವಾ ಕೊನೆಯ ಮಾತನ್ನು ಅವಳಿಗೇ ಬಿಟ್ಟಿದ್ದಾನೆ. ದ್ವೇಷವಿಲ್ಲದೆ ಪ್ರೀತಿಸಲು ಅವನಂತೆ ನಮಗೂ ಬಂದಿದ್ದರೆ, ನಿಜವಾಗಿ ಬೆಪ್ಪಳಾದವಳು ನಾನೇ ಎಂಬ ಅರ್ಥದಲ್ಲಿ ಆಯಾಕೊ ಹೇಳುತ್ತಾಳೆ. ಅಷ್ಟು ಬಿಡಿಸಿ ಹೇಳುವ ಅಗತ್ಯವಿತ್ತೆ, ಅಥವಾ ಕತ್ತರಿ ಬೀಳದ ನಾಲ್ಕೂವರೆ ಗಂಟೆಯ ಚಿತ್ರದಲ್ಲಿ ಆ ಮಾತು ಬೇರೆಯಾಗಿಯೇ ಕೇಳುತ್ತಿತ್ತೆ ಎಂಬ ವಿಷಯದಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯಗಳಿವೆ.